ಹರಿದಲ್ಲಿ

ಚೌಬಾರಾದ ಹಿಂದಿನ ಓಣಿ. ಜೈತುನ್‌ಬೀಯ ಪಡಸಾಲಿ.
ಬಿಸಿಲು ಹೊಸ್ತಿಲು ದಾಟೂದಕ್ಕ ಮೊದಲೇ
ನಾಕು ಮಂದಿ ಹೆಗಲ ಮ್ಯಾಲ ಹೊತ್ತು ತಂದರು,
ಮಯ್ಯತ್ತಿನಂಗ ಸುತ್ತಿದ ಒಂದು ತೋಟ.

ಬಿಚ್ಚಿದರ, ನಡುವ ಹೌಜು.
ಅಲ್ಲಿಂದ ನಾಕು ದಿಕ್ಕಿಗಿ ನಾಕು ಕಾಲುವಿ,
ದಂಡಿಗಿ ಸರೂ ಗಿಡ, ದಾಳಿಂಬರ,
ನೀರಾಗ ಬೆರಳುದ್ದದ ಮೀನು.
ಇರಾನಿನದಂತ. ಮೂರು ನೂರು ವರ್ಷ ಆಗ್ಯಾವಂತ.
ಸಾಬರ ಮುತ್ತಜ್ಜ ಯಾವುದೋ ಸಾಲಕ್ಕ ಬದಲಿ ತಗೊಂಡದ್ದಂತ.
"ಇಷ್ಟು 'ಅಂತ'ಗಳ ಮ್ಯಾಲ ಕಾಲಿಡಬ್ಯಾಡ,
ಚಪ್ಪಲಿ ಬಿಡು" ಅಂದಳು ಜೈತುನ್‌ಬೀ.

ಪಡುವಣ ಕಾಲುವಿ ನಡುವ ಹರದಿತ್ತು.
ಹುಳ ತಿಂದದ್ದು, ಅಂಗೈ ಅಗಲ.
ಒಂದು ಮೀನಿನ ಬಾಲ ಈ ದಂಡಿಗಿ,
ತಲಿ ಇಲ್ಲೇ ಇಲ್ಲ.

ಹೈದರಾಬಾದಿನಿಂದ ತರಿಸಿದ ನೀಲಿ, ಹನ್ನೊಂದು ಲಡಿ,
ಒಂದೊಂದೇ ಇಟ್ಟು ನೋಡಿದಳು.
ಇದು ಆಕಾಶ. ಇದು ಸಾಲಿ ಹುಡುಗರ ಯೂನಿಫಾರ್ಮು.
ಇದು ಏನೋ ಒಂದು, ನೀರಂತೂ ಅಲ್ಲ.

ನಾನು ಉಣ್ಣಿ ಕೊಡಲಾಕ ಬಂದವ, ಕಂಬಳಿಯವರ ಮಾಳಪ್ಪ.
ಹೋದ ಬ್ಯಾಸಗಿ ನೌಬಾದದ ಸುರಂಗ ಬಾವಿ ಹೂಳು ತಗದವ.
"ಕೆಳಗ ಇಳದಿದ್ದಿ ಅಲ್ಲ, ನೀರಿನ ಬಣ್ಣ ಹೆಂಗಿತ್ತು ಹೇಳು.
ಆ ಸುರಂಗ ಕಡದ ಹಿಕಮತ್ತೂ
ಈ ತೋಟ ನೇಯ್ದವರ ಊರ ಕಡಿದೇ."

ಏನು ಹೇಳಲಿ. ನಡಕ್ಕ ಹಗ್ಗ ಕಟ್ಟಿ ಇಳಿಸಿದ್ದರು.
ಕೆಂಪು ಕಲ್ಲು, ಬಾವಲಿ ನಾತ,
ತಲಿ ಮ್ಯಾಲ ರೂಪಾಯಿಯಷ್ಟು ಬೆಳಕು.
ಮೊಣಕಾಲತನಾ ಕೆಸರು. ನೀರು ಕಾಣಲೇ ಇಲ್ಲ;
ಕಾಲಿಗಿ ತಣ್ಣಗ ತಾಗಿದ ಮ್ಯಾಲೇ
ಅದು ಹರಿಲತ್ತದ ಅಂತ ತಿಳದದ್ದು.
"ಬಣ್ಣ ಇರಲಿಲ್ಲ, ಬೀ. ಕರ್ರಗಿತ್ತು."

ಆಕಿ ಭಾಳ ಹೊತ್ತು ಸುಮ್ಮನಿದ್ದಳು.
ಆಮ್ಯಾಲ ನನ್ನ ಚೀಲಕ್ಕ ಕೈ ಹಾಕಿ
ನಮ್ಮವ್ವ ನೂತ ಕರೀ ಕುರಿ ಉಣ್ಣಿ,
ಬಣ್ಣದ ಹಂಡೆಯ ಮುಖ ಕಾಣದ್ದು,
ಒಂದು ಎಳಿ ಜಗ್ಗಿದಳು.

"ಸಾಬರು ಒಪ್ಪಲ್ಲ" ಅಂದೆ.
"ಸಾಬರು ಕೂಡೂದು ಮೂಡಣ ಕಾಲುವಿ ಮ್ಯಾಲ."

ಒಂದು ಗಂಟು, ಇನ್ನೊಂದು ಗಂಟು. ಮೀನಿಗಿ ತಲಿ ಕಟ್ಟಲಿಲ್ಲ.
"ಕನ್ನಡದಾಗ ಹರಿಯೂದು ಅಂದ್ರ ಎರಡೂ ಅಲ್ಲೇನು"
ಅಂದಳು, ದಾರ ಹಲ್ಲಿಲೆ ಕಡಕೋತ,
"ಬಟ್ಟಿದೂ ನೀರಿಂದೂ?"
ನನಗ ಅದು ಅಲ್ಲಿತನಾ ಹೊಳದಿರಲಿಲ್ಲ.

ರೊಕ್ಕ ಕೊಡಲಾಕ ಬಂದಳು.
ಒಂದು ಎಳಿಯ ದರ ನಾನೆಲ್ಲಿ ಕಲತೀನಿ.
ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದರ
ಬಿಸಿಲು ಹೌಜಿನತನಾ ಬಂದಿತ್ತು.
ನಮ್ಮ ಕುರಿಯ ಕತ್ತಲಿ ಅಂಗೈ ಅಗಲ.
ಮೀನಿನ ಬಾಲ ಇನ್ನೂ ಹೊರಗೇ ಇತ್ತು.