ಎಡ ಎರಡು ಸಲ

ಎಡಕ್ಕಾದರೆ ಎರಡು ಸಲ ಹೇಳುತ್ತಾರೆ ಆಳ್ವರು: ‘ಎಡ, ಎಡ.’
ಬಲಕ್ಕೆ ಒಂದೇ ಸಲ.
ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳದಿದ್ದರೂ
ಎಣಿಕೆ ಕೇಳಬೇಕಂತೆ.
ನನ್ನ ರಿಕ್ಷಾಕ್ಕೂ ಅದೇ ಕಾನೂನು.

ಉಪ್ಪಳದ ಸ್ಟ್ಯಾಂಡಿನಲ್ಲಿ ಹದಿನಾರು ರಿಕ್ಷಾ.
ನವೆಂಬರ್ ಬಂದರೆ ಕೈಕಂಬದ ಕಡೆಯಿಂದ
ಕೊಡೆ ಊರಿಕೊಂಡು ಬಂದು ನನ್ನದನ್ನೇ ಹತ್ತುತ್ತಾರೆ,
ಕಾಸರಗೋಡಿನ ಬ್ಯಾಂಕಿಗೆ ಹೋಗಿ
ತಾನು ಸತ್ತಿಲ್ಲವೆಂದು ಬರೆದುಕೊಡಲಿಕ್ಕೆ.
ಮೊಯ್ದು ಎಂಬ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ.
‘ಹೊರಡುವ, ಸ್ಕಿಪ್ಪರ್. ಒಂಬತ್ತು ಹದಿನೇಳು.’
ಪುಟ್ಟ ಡೈರಿಯಲ್ಲಿ ಗುರುತು ಹಾಕುತ್ತಾರೆ,
ಗಾಳಿ ಯಾವ ಕಡೆಯದೆಂದು ಕೂಡ.

ಈ ಸಲ ರಸ್ತೆ ಇಲ್ಲ.
ಅಂದರೆ ಇದೆ, ಆರು ಸಾಲಿನದು, ಗೋಡೆಯ ಮೇಲೆ;
ನಮ್ಮಂಥವರಿಗೆ ಗೋಡೆಯ ಬುಡದ ಓಣಿ.
ಬಂದ್ಯೋಡಿನ ಗೋಳಿಮರ ಇಲ್ಲ,
ಐಸ್ ಫ್ಯಾಕ್ಟರಿಯ ನೀಲಿ ಗೇಟು ಇಲ್ಲ,
ಅದ್ರಾಮಾಕನ ಸೋಡಾ ಅಂಗಡಿ ಇದ್ದಲ್ಲಿ ಕಂಬ,
ಕಂಬದ ತುದಿಗೆ ಕ್ಯಾಮರಾ.
ದಿನಾ ಓಡುವ ನನಗೇ ಊರು ತಪ್ಪುತ್ತದೆ.
ಕನ್ನಡಿಯಲ್ಲಿ ನೋಡಿದೆ: ಆಳ್ವರು ಕಣ್ಣು ಮುಚ್ಚಿದ್ದಾರೆ.
ನಿದ್ದೆ ಅಂದುಕೊಂಡೆ. ತುಟಿ ಎಣಿಸುತ್ತಿತ್ತು.
‘ನಲವತ್ತರಲ್ಲೇ ಇರಲಿ. ಶಿರಿಯ ಸೇತುವೆ... ಈಗ.’
ಚಕ್ರದ ಕೆಳಗೆ ಸದ್ದು ಬದಲಾಯಿತು.

ಆಮೇಲೆ ಮಾತಾಡಿದ್ದು ನನ್ನ ಹತ್ತಿರವೋ, ಗೋಡೆಯ ಹತ್ತಿರವೋ:
ಕ್ಯಾನ್ಬೆರಾದ ಮೂತಿಯೊಳಗೆ ಕೋಳಿಗೂಡಿನಷ್ಟು ಜಾಗ.
ಪೈಲಟ್ ಮೇಲೆ, ಗಾಜಿನಡಿ, ಬೆಳದಿಂಗಳಲ್ಲಿ;
ಅವನಿಗೆ ಎಗರುವ ಕುರ್ಚಿ.
ಇವರಿಗೆ ಸಣ್ಣ ದೀಪ, ನಕ್ಷೆ, ಪೆನ್ಸಿಲು,
ಮತ್ತೆ ಒಂದು ಬಾಗಿಲು.
‘ಬಾಗಿಲು ಸಾಕಲ್ಲವಾ ಸಾರ್?’
‘ಬೇಕಾದಷ್ಟಾಯಿತು. ನೆಲ ದೂರ ಇದ್ದರೆ.’

ಎಪ್ಪತ್ತೊಂದರ ಡಿಸೆಂಬರ್.
ಗಡಿಯಾಚೆ ಊರಿಗೆ ಊರೇ ದೀಪ ಆರಿಸಿ ಕೂತಿತ್ತು.
ಹೊಳೆಗೆ ಆರಲು ಬರುವುದಿಲ್ಲ.
ಅಳಿವೆಗೆ ಮುಂಚೆ ಶಿರಿಯ ಸೊಂಟ ತಿರುಗಿಸುವ ಹಾಗೆಯೇ
ಅಲ್ಲೊಂದು ತಿರುವು, ಬೆಳ್ಳಗೆ.
‘ನಮ್ಮಮ್ಮ ಮರುವಾಯಿ ಹೆಕ್ಕುವ ಕಡವು ಅಂತಲೇ ಕಂಡಿತು, ಸ್ಕಿಪ್ಪರ್.’
ಕವುಚಿ ಮಲಗಿ, ಗುರಿಗಾಜಿಗೆ ಕಣ್ಣು ಕೊಟ್ಟು,
ಎಡ, ಎಡ. ನೇರ. ಬಲ. ನೇರ. ನೇರ.
ಹೆಬ್ಬೆರಳು ಒತ್ತಿತು,
ನಾಲ್ಕು ಸೆಕೆಂಡು ತಡವಾಗಿ.

ನಾಲ್ಕು ಸೆಕೆಂಡೆಂದರೆ ನನ್ನ ರಿಕ್ಷಾಕ್ಕೆ
ಪಳ್ಳಿಯ ಗೇಟಿನಿಂದ ಮೆಡಿಕಲ್ ಶಾಪಿನವರೆಗೆ.
ಅವರಿಗೆ ಅರ್ಧ ಮೈಲು.
‘ರನ್‌ವೇ ಅಲ್ಲ, ಬೇರೆ ಏನೋ ಸಿಕ್ಕಿತು.’
ವಾಪಸು ಬಂದು ಬರೆದರಂತೆ: ಫಲ ಕಾಣಲಿಲ್ಲ.
‘ಸುಳ್ಳಲ್ಲ ಅದು. ಹಿಂದೆ ನೋಡಲಿಕ್ಕೆ
ನನಗೆ ಕಿಟಕಿ ಇರಲಿಲ್ಲ.’

ಬ್ಯಾಂಕಿನ ಹುಡುಗಿ ಮಲಯಾಳದಲ್ಲಿ ಹೇಳಿದಳು,
ಹೆಬ್ಬೆರಳು ಗಾಜಿನ ಮೇಲಿಡಿ.
ಇಟ್ಟರು. ಒತ್ತಿದರು. ಒರೆಸಿ ಮತ್ತೆ ಒತ್ತಿದರು.
ಯಂತ್ರ ಒಪ್ಪಲಿಲ್ಲ; ಗೆರೆಯೆಲ್ಲ ಸವೆದಿದೆಯಂತೆ.
ಕೊನೆಗೆ ಇನ್ನೊಂದು ಡಬ್ಬಿ ತಂದು ಕಣ್ಣಿಗೆ ಹಿಡಿದಳು,
ರೆಪ್ಪೆ ಬಡಿಯಬೇಡಿ ಎಂದಳು.
ಬಡಿಯಲಿಲ್ಲ ಆಳ್ವರು. ಅದು ಅವರಿಗೆ ಗೊತ್ತಿರುವ ಕೆಲಸ.
ಹಸಿರು ದೀಪ ಹತ್ತಿತು: ಇದ್ದಾರೆ.

ಬರುವಾಗ, ಮೊಗ್ರಾಲು ದಾಟಿದ ಮೇಲೆ,
‘ಎಡ, ಎಡ’ ಅಂದರು.
ಎಡಕ್ಕೆ ದಾರಿಯೇ ಇಲ್ಲ; ಬಾಯಿ ತೆರೆದ ಚರಂಡಿ,
ತಂತಿಬೇಲಿ, ಅದರಾಚೆ ಎಲ್ಲೋ ಕಡಲು.
ನಾನು ಹ್ಯಾಂಡಲು ತಿರುಗಿಸಲಿಲ್ಲ.
ಅವರೂ ಮತ್ತೆ ಹೇಳಲಿಲ್ಲ.

ಉಪ್ಪಳದಲ್ಲಿ ಇಳಿದು, ಹೊತ್ತು ಬರೆದು, ಡೈರಿ ಮುಚ್ಚಿ,
‘ಏನು ಸಿಕ್ಕಿತೆಂದು ನೀನೂ ಕೇಳಲಿಲ್ಲ’ ಅಂದರು.
ಹಿಂದೆ ಬಸ್ಸಿನವ ಹಾರ್ನ್ ಒತ್ತಿ ಹಿಡಿದಿದ್ದ.
ನಾನು ನೋಟು ಎಣಿಸಿದೆ.
ಹತ್ತು ರೂಪಾಯಿ ಹೆಚ್ಚಿತ್ತು.