ಕಳೆ

ಸೋನಾವಳಿ ದಾಟಿದರೆ ಘಾಟು;
ಹಿಂದಿನಿಂದ ನೂಕುವ ಎಂಜಿನ್ನಿಗೂ ಏದುಸಿರು.
ಗಾಡಿ ಹೋದ ಮೇಲಿನ ಮೌನದಲ್ಲಿ
ಖಾಲಿ ಕೊಡದ ಬಾಯಿಗೆ ಯಾರೋ ಬಾಯಿಟ್ಟು ಊದಿದ ಹಾಗೆ
ಹೂಂ… ಹೂಂ.

ಮೊದಲ ಮಳೆಗಾಲ ಹೆದರಿದ್ದೆ.
ಗಂಡ ಹೋದದ್ದು ಇದೇ ಕಿಲೋಮೀಟರಿನಲ್ಲಿ.
ಅವನ ಕೆಲಸವೇ ನನಗೆ ಬಂತು,
ಅವನದೇ ಸುತ್ತಿಗೆ, ಅವನದೇ ಕಿತ್ತಳೆ ಅಂಗಿ,
ತೋಳು ಮಾತ್ರ ಉದ್ದ.
ನಾನು ಏನೂ ಹೇಳದೆ ನಡೆಯುತ್ತಿರುವಾಗ
ಯಾರಪ್ಪ ಇಲ್ಲಿ ಹೂಂಗುಡುವವರು?

ಸೊಮ್ಲೊ ವೇಳಿಪ ನಕ್ಕು ಬೆರಳೆತ್ತಿದ.
ಅಷ್ಟೆತ್ತರದಲ್ಲಿ ಒಂದು ಬೂದಿಬಣ್ಣದ ಗಂಟು,
ಮಗ್ಗಲು ತಿರುಗಿದರೆ ಬೆನ್ನಿಗೆ ತಾಮ್ರದ ಛಾಯೆ.
ಪಾರಿವಾಳವಂತೆ.
ನಾ ಕಂಡ ಪಾರಿವಾಳ ವಾಸ್ಕೋ ಪ್ಲಾಟ್‌ಫಾರ್ಮಿನವು,
ಭೇಲ್ ಕಟ್ಟಿದ ಕಾಗದಕ್ಕೆ ಜಗಳಾಡುವವು.
ಇದು ನೆಲ ಮುಟ್ಟುವುದೇ ಅಪರೂಪ.
ರಾಮಪತ್ರೆ ಹಣ್ಣು ಬಾಯಿಬಿಟ್ಟಾಗ
ಪತ್ರೆ ಸುತ್ತಿದ ಬೀಜವನ್ನು ಇಡಿಯಾಗಿ ನುಂಗುತ್ತದೆ.
ಅಷ್ಟು ಸಣ್ಣ ಕೊಕ್ಕು, ಅಷ್ಟು ದೊಡ್ಡ ಬೀಜ!
ನಮ್ಮ ನೀಲವ್ವತ್ತೆ ಗುಳಿಗೆ ನುಂಗುವ ಹಾಗೆ
ಕತ್ತು ಚಾಚಿ, ಕಣ್ಣು ಮುಚ್ಚಿ.
ಪತ್ರೆಯಷ್ಟೇ ಅದರ ಪಾಲು.
ಬೀಜ ಇನ್ನೆಲ್ಲೋ ಬೀಳುತ್ತದೆ.

ಹಾಗೆ ಬಿದ್ದದ್ದೊಂದು
ಸುರಂಗದ ಬಾಯಲ್ಲಿ, ಹಳಿಗೂ ಚರಂಡಿಗೂ ನಡುವೆ,
ಜಲ್ಲಿಯೊಳಗಿಂದ ಗೇಣುದ್ದ ಎದ್ದು ನಿಂತಿತ್ತು.
ಎರಡೇ ಎಲೆ,
ಬೀಜದ ಚಿಪ್ಪು ಇನ್ನೂ ಕಾಲಿಗಂಟಿಕೊಂಡು,
ಮೈಮೇಲೆ ಕಲ್ಲಿದ್ದಲ ಗಾಡಿಯ ಮಸಿ.
ಇಲಾಖೆಯ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿಲ್ಲ:
ಹಳಿಯ ಬಳಿ ಹುಟ್ಟಿದ್ದೆಲ್ಲ ಕಳೆ.
ಇಷ್ಟು ಮೀಟರು ಕಿತ್ತೆವೆಂದು
ತಿಂಗಳ ಕೊನೆಗೆ ನಾನೇ ಸಹಿ ಹಾಕುವವಳು.

ತಾಯಿಮರ ಯಾವುದೆಂದು ಸೊಮ್ಲೊಗೆ ಗೊತ್ತು.
ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ೪೧೭.
ಇನ್ನೊಂದು ಹಳಿ ಬರುವುದಿದೆ.
ಹಕ್ಕಿಗೆ ಅಂಕಿ ಓದಲು ಬಾರದು.
ಸೊಮ್ಲೊಗೆ ಬರುತ್ತದೆ; ಆ ಕಡೆ ಮುಖ ಮಾಡಿ ಕೂತು
ಅವನು ಊಟ ಮಾಡುವುದಿಲ್ಲ.

ಕಿತ್ತೆ.
ಬೇರು ಜಲ್ಲಿಯನ್ನೂ ಹಿಡಿದುಕೊಂಡೇ ಬಂತು.
ಅಷ್ಟರಲ್ಲಿ ಗೂಡ್ಸು.
ಒಂದು ಕೈಯಲ್ಲಿ ಬಾವುಟ, ಒಂದು ಕೈಯಲ್ಲಿ ಸಸಿ;
ಡ್ರೈವರನಿಗೆ ಆ ಹೊತ್ತು ಎರಡೆರಡು ಹಸಿರು.
ಕಿತ್ತದ್ದನ್ನು ಆಚೆ ಹಾಕಬೇಕೆಂದು ಪುಸ್ತಕದಲ್ಲಿದೆ,
ಆಚೆ ಎಂದರೆ ಎಲ್ಲಿಗೆ ಎಂದು ಇಲ್ಲ.
ಹಳ್ಳ ದಾಟಿ, ಬಂಡೆಯ ತಂಪಿಗೆ,
ಸುತ್ತಿಗೆಯ ಹಿಡಿಯಲ್ಲಿ ಕುಳಿ ತೋಡಿ
ಅಲ್ಲಿ ಹಾಕಿದೆ, ಆಚೆ.

ಉಗುರಿನ ಮಣ್ಣು ತೊಳೆಯುತ್ತ
ಯಾಕೋ ಬಾಯಿ ತಾನಾಗಿ ಬಿಚ್ಚಿತು:
“ಅವತ್ತೂ ಹಿಂಗ ಮಂಜು ಮುಸುಕಿತ್ತು ನೋಡು…”
ಕಾದೆ.
ಮೇಲಿಂದ ಸದ್ದಿಲ್ಲ.
ಬಾಯಿ ತುಂಬ ಬೀಜ ಇಟ್ಟುಕೊಂಡು
ಯಾರು ತಾನೆ ಹೂಂಗುಟ್ಟಾರು!