ವಸ್ತಿ ಗಾಡಿಯ ಲೆಕ್ಕ

ಡಿಸೆಂಬರ್ ಮೂವತ್ತೊಂದು, ಚಿಂತಾಕಿ ವಸ್ತಿ.
ಕಲೆಕ್ಷನ್ ಎಣಿಸಿ ರಬ್ಬರ್ ಹಾಕಿ ಚೀಲದಾಗ ಇಟ್ಟಾಯ್ತು.
ಉಳದದ್ದು ಇನ್ನೊಂದು ಲೆಕ್ಕ,
ಹಳೇ ವೇಬಿಲ್ಲಿನ ಬೆನ್ನಿಗಿ ವರ್ಷಾನುಗಟ್ಲೆ ಪೆನ್ಸಿಲಿನಾಗ ಗೀಚಿದ್ದು.

ಹತ್ತಿದ ಪುಸ್ತಕ ಮೂವತ್ತಮೂರು.
ಕಡೀ ಸ್ಟಾಪಿಗಿ ಮುಟ್ಟಿದವು ಇಪ್ಪತ್ತೊಂದು.
ನಡುವ ಇಳದು ಹೋದವು ಹನ್ನೊಂದು,
ಅದರಾಗ ಒಂದಂತೂ ಮುನ್ನುಡಿ ದಾಟಲಿಲ್ಲ,
ಡಿಪೋ ಗೇಟಿನಾಗೇ ಕೆಟ್ಟು ನಿಂತ ಗಾಡಿ.
ಕೂಡಿಸಿದರ ಒಂದು ಕಮ್ಮಿ ಬೀಳತದ.
ಅದರ ಮಾತು ಆಮ್ಯಾಲ.

ಪುಟ ಐದು ಸಾವಿರದ ಎಂಟುನೂರಾ ನಾಕು.
ಚಲೋ ತಿಂಗಳು ಆಷಾಢ: ಮದಿವಿಲ್ಲ, ಸೀಟೆಲ್ಲ ಖಾಲಿ.
ಕೆಟ್ಟದ್ದು ಮೇ: ಬೀಗರು, ಕೊಡ, ಕೋಳಿ, ಬ್ಯಾಂಡಿನವರ ಡೋಲು.
ಆರೇ ಪುಟ. ಅದೂ ಒಂದೇ ಪುಟ ಆರು ಸಲ.

ಒಂದು ಕವಿತಿ ಪುಸ್ತಕ, ನಲವತ್ತೆಂಟೇ ಪುಟ.
ಜನವಾಡಾ ಬಿಟ್ಟರ ಔರಾದಿಗಿ ಮುಗೀತದ ಅಂದಿದ್ದೆ.
ಎರಡು ತಿಂಗಳು ಸೀಟು ಬಿಡಲಿಲ್ಲ.

ಹೆಣ್ಣಮಕ್ಕಳಿಗಿ ಹರಿಯೋ ಸೊನ್ನೆ ಟಿಕೀಟಿನಂಥವೂ ಅವ,
ರೊಕ್ಕಿಲ್ಲ, ಹರೀದಿದ್ದರ ಲೆಕ್ಕ ತಪ್ಪತದ:
ಭಜಿ ಕಟ್ಟಿಕೊಟ್ಟ ಕಾಗದ,
ಯಾವುದೋ ಹುಡುಗಿ ಮರತುಹೋದ ಏಳನೆತ್ತೆ ಇತಿಹಾಸ,
ಶೇವಂತಾಬಾಯಿಯ ದವಾಖಾನಿ ಚೀಟಿ.
ಮೂರು ಸಲ ಓದಿಸಿದಳು,
ನಾಕನೇದಕ್ಕ ಸಾಕಂತ ಕೈ ಅಡ್ಡ ಹಿಡದಳು.
ಅದನ್ನ ಒಂದು ಪುಟ ಅಂತ ಬರೀಲೊ, ಬಿಡಲೊ?

ಮಶಾಕಸಾಬರಿಗಿ ಕನ್ನಡ ಬೋರ್ಡಿನಷ್ಟೇ ಬರತದ,
ಊರಿನ ಹೆಸರು ಗುರುತು ಹಿಡಿಯೋವಷ್ಟು.
ರಾತ್ರಿ ನಾ ಬಾಯಿ ಬಿಟ್ಟು ಓದಿದರ
ಬಾನೆಟ್ ಮ್ಯಾಲ ಅಡ್ಡಾಗಿ ಕೇಳತಿದ್ದರು,
ಕೆಳಗ ಇಂಜಿನ್ ಇನ್ನಾ ಬೆಚ್ಚಗ.
"ಲೈಟ್ ಆರಸ್ರಿ, ಬ್ಯಾಟ್ರಿ ಕುಂದರತದ" ಅಂತಿದ್ದವರೇ
ಬರಬರತ ನಾ ಆಕಳಿಸಿದರ ಬೈಯಾಕ ಹತ್ತಿದರು.
ಹಂಗ ಮುಗದವು ಒಂಬತ್ತು.
ಟಿಕೀಟು ಒಂದೇ, ಕುಂತವರು ಇಬ್ಬರು.
ತಪಾಸಣಿಯವರು ಹತ್ತಿದರ ದಂಡ ನನಗೇ.

ನವೆಂಬರಿನಾಗ ಅವರಿಗಿ ಹುಮನಾಬಾದ ಡಿಪೋಕ್ಕ ವರ್ಗ ಆಯ್ತು.
ಪುಸ್ತಕ ಎಪ್ಪತ್ತೊಂದನೇ ಪುಟದಾಗಿತ್ತು.
ಗುರುತಿಗಿ ಇಟ್ಟ ಟಿಕೀಟಿನ ಅಕ್ಷರ ಅಳಿಸಿ
ಈಗ ಬರೇ ಬಿಳೀ ಚೀಟಿ.
ಹೊಸ ಡ್ರೈವರ್ ಪೋರ ಕಿವ್ಯಾಗ ವೈರ್ ಹಾಕ್ಕೊಂಡು ಮಲಗತಾನ.
ಆಮ್ಯಾಲ ನಾಕು ಪುಸ್ತಕ ಬಾಯಿ ಮುಚ್ಚಿ ಓದೀನಿ,
ಲಗೂ ಲಗೂ ಮುಗದವು.
ಅದೊಂದನ್ನ ತೆಗೀಲಿಲ್ಲ.

ಫೋನು. ಹನ್ನೊಂದೂವರಿ.
ಹೊಸ ವರ್ಷದ್ದು ಅನಕೊಂಡೆ. ಅಲ್ಲ.
"ಆ ಹೆಣ್ಣಮಗಳು ಹೊಳಿ ದಾಟಿದಳೇನ್ರಿ?"

ಗೊತ್ತಿಲ್ರಿ ಸಾಬ್ರ, ಅಂದೆ.
ಅತ್ತ ಸುಮ್ಮನಾದರು. ಅವರದೂ ಎಲ್ಲೋ ವಸ್ತಿ,
ನಾಯಿ ಬೊಗಳೋದು ಕೇಳಸತದ.
ಚೀಲದ ತಳಕ್ಕ ಕೈ ಹಾಕಿ ಪುಸ್ತಕ ಜಗ್ಗಿದೆ.

"ಬ್ಯಾಟ್ರಿ ಎಷ್ಟದ?" ಅಂತ ಕೇಳಿದರು.
ಫೋನಿಂದೊ, ಗಾಡೀದೊ
ಹೇಳಲಿಲ್ಲ.